ದಿನಾಂಕವಿಲ್ಲದ ‘ಇಂದು’

ಫೋನು ಬಂದಾಗ ಬೆಳಿಗ್ಗೆ ಒಂಬತ್ತು ದಾಟಿತ್ತು. ಮಳೆಯ ಸಲುವಾಗಿ ಶಾಲೆಗೆ ರಜೆ ಕೊಟ್ಟಿದ್ದರಿಂದ ನಾನು ಮನೆಯಲ್ಲೇ ಇದ್ದೆ. ಮಾಡಿದವರು ನಮ್ಮ ಶಾಲೆಯ ಹಿಂದಿ ಮಾಸ್ತರರು. ನಮಸ್ಕಾರವೂ ಇಲ್ಲದೆ ನೇರವಾಗಿ ಕೇಳಿದರು.

“ಮೇಡಂ, ಪೂಲ ಚಾಲೂ ಐತಿ ಅಂತ ಯಾಕ ಬರದ್ರಿ?”

“ಇಲ್ಲಲ್ರೀ ಸರ್. ಬಂದ್ ಐತಿ ಅಂತ ಮುಂಜಾನೆ ಆರಕ್ಕ ಹಾಕೀನಿ.”

“ಈಗ ನೋಡಾಕತ್ತೀನ್ರಿ, ನಿಮ್ಮ ಹೆಸರೂ ಐತಿ. ನಮ್ಮ ತಂಗಿ ಗಂಡ ಇದನ್ನ ಓದಿ ನಿಮ್ಮ ದಂಡಿಯಿಂದ ಪೂಲಿನ ಮ್ಯಾಲ ಜೀಪ ಹಾಕ್ಯಾನ. ಜೀಪಿನ್ಯಾಗ ನಮ್ಮವ್ವ ಅದಾಳ. ನಡಬರಕ ಗಾಡಿ ಬಂದ್ ಬಿದ್ದೈತಿ, ನೀರ ಏರಾಕತ್ತೈತಿ.”

ಫೋನು ಕಟ್ಟಾಯಿತು.

ನಮ್ಮ ಮನೆ ಕೃಷ್ಣೆಯ ಈ ದಂಡೆಗೆ, ಚಿಕ್ಕೋಡಿ ತಾಲ್ಲೂಕಿನಲ್ಲಿ. ನಾನು ವಿಜ್ಞಾನ ಕಲಿಸುವ ಹೈಸ್ಕೂಲು ಆ ದಂಡೆಗೆ, ಕಾಗವಾಡದ ಕಡೆ. ನಡುವೆ ಒಂದು ಗಿಡ್ಡ ಸೇತುವೆ, ನಮ್ಮ ಮಾತಿನಲ್ಲಿ ಪೂಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ನಮ್ಮಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ, ಸೇತುವೆ ಮುಳುಗುತ್ತದೆ. ಮುಳುಗಿದರೆ ಅಂಕಲಿ-ಮಾಂಜರಿಯ ದೊಡ್ಡ ಸೇತುವೆಯ ಮೇಲೆ ಸುತ್ತು ಹಾಕಿ ಹೋಗಬೇಕು. ಇವತ್ತು ಯಾವ ಸೇತುವೆ ಇದೆ, ಯಾವುದು ಇಲ್ಲ ಎಂದು ಇಂಟರ್ನೆಟ್ಟಿನಲ್ಲಿ ಬರೆದು ಹಾಕುವ ರೂಢಿಯನ್ನು ನಾನು ಇಟ್ಟುಕೊಂಡದ್ದು ಇದೇ ಕಾರಣಕ್ಕೆ.

ನಮ್ಮ ಮನೆಯವರೂ ನಾನೂ ಹೊಳೆಗೆ ಓಡಿದೆವು. ಕಬ್ಬಿನ ಹೊಲ ದಾಟಿದರೆ ಸೇತುವೆಯ ಬಾಯಿ. ನೀರು ಕೆಂಪಗೆ, ಸದ್ದಿಲ್ಲದೆ, ಸೇತುವೆಯ ಮೈಮೇಲೆ ಅಡ್ಡ ಹರಿಯುತ್ತಿತ್ತು. ಮಧ್ಯದಲ್ಲಿ ಬಿಳಿ ಜೀಪು ನಿಂತಿತ್ತು. ಗಾಲಿಗಳು ಕಾಣುತ್ತಿರಲಿಲ್ಲ. ಜೀಪಿನ ಛಾವಣಿಯ ಮೇಲೆ ಒಬ್ಬ ಗಂಡಸು ಕೂತು ಕೈ ಬೀಸುತ್ತಿದ್ದ. ಊರಿನವರು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿದ್ದರು, ಅದರ ಇನ್ನೊಂದು ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಇಬ್ಬರು ನೀರಿಗಿಳಿದಿದ್ದರು.

“ಯಾರರ ಓದ್ಲಾರದವ್ರ ಹೋಗಿದ್ರ ಬ್ಯಾರೆ ಮಾತು,” ಎಂದು ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಬೈದರು. “ಸಾಲಿ ಕಲ್ತಾಂವ ಹೋಗ್ಯಾನ ನೋಡ್ರಿ.”

ಮೊದಲು ಮಾಸ್ತರರ ತಾಯಿಯನ್ನು ಹೆಗಲ ಮೇಲೆ ಹೊತ್ತು ತಂದರು. ಸೀರೆಯ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು, ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು. ಆಮೇಲೆ ಮಾಸ್ತರರ ತಂಗಿ, ಕಡೆಗೆ ಆಕೆಯ ಗಂಡ. ಅವನು ದಂಡೆಗೆ ಬಂದವನೇ ಒದ್ದೆ ಕಿಸೆಯಿಂದ ಮೊಬೈಲು ತೆಗೆದು, ನಾನು ಯಾರೆಂದು ಗೊತ್ತಿಲ್ಲದೆ ನನ್ನ ಮುಂದೆಯೇ ಹಿಡಿದ. “ನೋಡ್ರಿ, ಇಂದು ಅಂತ ಬರದಾರ. ಇಂದು ಬೆಳಿಗ್ಗೆ ನೀರು ಇಳಿದಿದೆ ಅಂತ.”

ಅಕ್ಷರ ನನ್ನವೇ. ಆದರೆ ಬರೆದದ್ದು ಹಿಂದಿನ ವರ್ಷ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಮೊದಲು ನಾನು ಬರೆಯುತ್ತಿದ್ದದ್ದು ಒಂದು ಉಚಿತ ಬ್ಲಾಗಿನಲ್ಲಿ. ಟೈಪು ಮಾಡಿ ಗುಂಡಿ ಒತ್ತಿದರೆ ಮುಗಿಯಿತು, ಮಿಕ್ಕದ್ದನ್ನೆಲ್ಲ ಅದೇ ನೋಡಿಕೊಳ್ಳುತ್ತಿತ್ತು. ನಮ್ಮ ಸೇತುವೆಯ ಜೊತೆಗೆ ನಿಪ್ಪಾಣಿ ಕಡೆಯ ದೂಧಗಂಗಾ, ವೇದಗಂಗಾ ನದಿಗಳ ಸೇತುವೆಗಳ ಸುದ್ದಿಯನ್ನೂ ಹಾಕತೊಡಗಿದ ಮೇಲೆ ಓದುವವರು ಹೆಚ್ಚಾದರು. ಆದರೆ ಬ್ಲಾಗಿನ ವೇಷ ನನಗೆ ಹಿಡಿಸುತ್ತಿರಲಿಲ್ಲ. ವಿಡಿಯೋ ನೋಡಿ ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಭಾಷೆ ಕಲಿತೆ. ಒಂದೊಂದು ಸಾಲನ್ನೂ ಕೈಯಿಂದಲೇ ಬರೆದು ನನ್ನದೇ ವೆಬ್‌ಸೈಟ್ ಕಟ್ಟಿದೆ. ಅದು ತೆರೆದ ದಿನ ಶಾಲೆಯ ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದ್ದೆ. ಕೆಲವು ಮೊಬೈಲುಗಳಲ್ಲಿ ಕನ್ನಡ ಅಕ್ಷರ ಒಡೆಯುತ್ತವೆಂದು ಸೇತುವೆಗಳ ಪಟ್ಟಿಯನ್ನು ಚಿತ್ರವಾಗಿ ಮಾಡಿ ಹಾಕಿದ್ದೆ. ನೋಡಲು ಬಹಳ ಚೆಂದ. ಚಿತ್ರದೊಳಗಿನ ಅಕ್ಷರವನ್ನು ಸರ್ಚ್ ಯಂತ್ರ ಅಕ್ಷರವೆಂದು ಎಣಿಸುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಪುಟದ ಶೀರ್ಷಿಕೆಯ ಜಾಗದಲ್ಲಿ ‘ಮುಖಪುಟ’ ಎಂದಷ್ಟೇ ಇತ್ತು. ಅದರ ಬಾಗಿಲು ತೋರಿಸುವ ಒಂದು ಲಿಂಕೂ ಬೇರೆ ಎಲ್ಲಿಯೂ ಇರಲಿಲ್ಲ.

ಹಳೆಯ ಬ್ಲಾಗು ಹಾಗಲ್ಲ. ಜನ ಏನು ಹುಡುಕುತ್ತಾರೋ ಅದೇ ಅದರ ಶೀರ್ಷಿಕೆ: ‘ಚಿಕ್ಕೋಡಿ, ನಿಪ್ಪಾಣಿ ಕೆಳಮಟ್ಟದ ಸೇತುವೆಗಳು ಇಂದು ಸಂಚಾರಕ್ಕೆ ಮುಕ್ತ’. ಹಿಂದಿನ ವರ್ಷ ನೂರಾರು ಜನ ಅದನ್ನು ಒಬ್ಬರಿಗೊಬ್ಬರು ಕಳಿಸಿದ್ದರು. ಅದೇ ನನ್ನ ಕಡೆಯ ಬ್ಲಾಗ್ ಬರಹ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅಂದ ಕೆಡುತ್ತದೆಂದು ಬ್ಲಾಗಿನ ಮೇಲೆ ತಾನಾಗಿ ಬೀಳುತ್ತಿದ್ದ ದಿನಾಂಕವನ್ನು ನಾನೇ ಅಳಿಸಿದ್ದೆ. ಹೀಗಾಗಿ ಆ ‘ಇಂದು’ ಎಂದೂ ಮುಗಿಯದೆ ಕೂತಿತ್ತು.

ಮನೆಗೆ ಬಂದು ನಮ್ಮ ಮನೆಯವರು ತಮ್ಮ ಮೊಬೈಲಿನಲ್ಲಿ ಸೇತುವೆಯ ಹೆಸರು ಹೊಡೆದು ನೋಡಿದರು. ಮೇಲುಗಡೆ ಹಳೆಯ ಬ್ಲಾಗು. ನನ್ನ ವೆಬ್‌ಸೈಟನ್ನು ಹುಡುಕುತ್ತ ಎಷ್ಟೋ ಕೆಳಗೆ ಹೋದರೂ ಸಿಗಲಿಲ್ಲ.

“ಹಳೇದನ್ನ ತಗದ ಒಗೀರಿ,” ಎಂದರು.

ತೆಗೆಯಲು ಒಳಗೆ ಹೋಗಬೇಕಲ್ಲ. ಹಳೆಯ ಮೊಬೈಲು ಕೆಟ್ಟ ಮೇಲೆ ಆ ಖಾತೆಯನ್ನು ನಾನು ತೆರೆದಿರಲೇ ಇಲ್ಲ. ಪಾಸ್‌ವರ್ಡ್ ಹಾಕಿದರೆ, ಇಂಥ ನಂಬರಿಗೆ ಓಟಿಪಿ ಕಳಿಸುತ್ತೇವೆ ಎಂದಿತು. ಅದು ನನ್ನ ಹಳೆಯ ನಂಬರು. ರೀಚಾರ್ಜ್ ಮಾಡದೆ ಬಿಟ್ಟಿದ್ದರಿಂದ ಅದು ನಿಂತುಹೋಗಿತ್ತು. ಬ್ಲಾಗಿನ ಕೆಳಗೆ ನಾಲ್ಕು ಮಾತು ಬರೆಯೋಣವೆಂದರೆ ಕಾಮೆಂಟಿನ ಜಾಗವನ್ನೂ ಮುಚ್ಚಿದ್ದೆ. ಬ್ಲಾಗಿನ ಕಂಪನಿಗೆ ದೂರಿನ ಫಾರ್ಮು ತುಂಬಿದೆ. ಕೆಲವು ದಿನಗಳಲ್ಲಿ ನೋಡುತ್ತೇವೆ ಎಂಬ ಉತ್ತರ ತಾನಾಗಿ ಬಂತು.

ನಮ್ಮ ಸೇತುವೆಗೆ ಅಷ್ಟರಲ್ಲಿ ಊರಿನವರು ಟ್ರಾಲಿಯನ್ನು ಅಡ್ಡ ನಿಲ್ಲಿಸಿದ್ದರು. ಆದರೆ ಆ ಬರಹದಲ್ಲಿ ಇನ್ನೂ ನಾಲ್ಕು ಸೇತುವೆಗಳಿದ್ದವು. ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆ, ಊರೂರಿನ ಗ್ರೂಪುಗಳಲ್ಲಿ ಹಾಕಿಸಿದೆ. ಗ್ರೂಪಿನಲ್ಲಿದ್ದವರು ಸೇತುವೆ ಮುಳುಗಿದ್ದನ್ನು ಕಣ್ಣಾರೆ ಕಂಡವರೇ. ಬ್ಲಾಗು ಓದುವವರು ಪರವೂರಿನವರು. ಅವರನ್ನು ನಾನು ಹೇಗೆ ಮುಟ್ಟಲಿ?

ನನ್ನ ಹಳೆಯ ನಂಬರಿಗೇ ಫೋನು ಮಾಡಿದೆ. ರಿಂಗಾಯಿತು. ಕಂಪನಿ ಅದನ್ನು ಬೇರೆಯವರಿಗೆ ಕೊಟ್ಟಿರಬೇಕು. ಒಬ್ಬ ಹೆಂಗಸು ಎತ್ತಿದಳು. ಹಿಂದೆ ಕುರಿಗಳ ಸದ್ದು.

“ಯಾರ್ರೀ?”

ನಾನು ಅವಸರದಲ್ಲಿ ತಪ್ಪು ಕಡೆಯಿಂದ ಶುರುಮಾಡಿದೆ. “ನಿಮ್ಮ ಮೊಬೈಲಿಗೆ ಒಂದು ಓಟಿಪಿ ಬರ್ತೈತ್ರಿ, ಅದನ್ನ ಜರಾ ಹೇಳ್ರಿ.”

“ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ನಮ್ಮ ಸಂಘದಾಗ ಹೇಳ್ಯಾರ. ನಾಚಿಕಿ ಬರೂದಿಲ್ಲೇನ ನಿನಗ, ಹೆಣ್ಣಮಗಳಾಗಿ?”

ಕಟ್. ಮತ್ತೆ ಮಾಡಿದೆ, ಎತ್ತಲಿಲ್ಲ. ನಮ್ಮ ಮನೆಯವರ ಫೋನಿನಿಂದ ಮಾಡಿದೆವು. ಅವರು “ನಾವು ಮೋಸದವ್ರಲ್ರೀ” ಎಂದರೋ ಇಲ್ಲವೋ, ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು. ಆಕೆ ಮಾಡಿದ್ದು ಸರಿಯೇ ಆಗಿತ್ತು. ನಾನೇ ಮಕ್ಕಳಿಗೆ ತರಗತಿಯಲ್ಲಿ ಹಾಗೆ ಕಲಿಸಿದ್ದೆ.

ಮೂರನೆಯ ಸಲ ಎತ್ತಿದ ಕೂಡಲೇ ನಾನು ಓಟಿಪಿಯ ಮಾತೇ ಆಡಲಿಲ್ಲ. “ಅವ್ವಾ, ಪೂಲಿನ ಮ್ಯಾಲ ನೀರ ಐತೇನು ಅಂತ ನಿಮಗ ಯಾರರ ಫೋನ್ ಮಾಡ್ತಾರೇನ್ರಿ?”



“ಆ ಪೂಲಿನ ಬಾಯಾರು ನೀವ ಏನು?” ಎಂದಳು. ಬಾಯಾರು ಎಂದರೆ ಮೇಡಂ; ಫೋನು ಮಾಡಿದವರೆಲ್ಲ ನನ್ನನ್ನೇ ಕೇಳಿರಬೇಕು. ದನಿ ಇನ್ನೂ ಬಿರುಸಾಗಿತ್ತು. “ಮಳಿ ಹಿಡದಾಗಿಂದ ನೋಡ್ರಿ ನನ್ನ ಜೀವಾ ತಿನ್ನಾಕತ್ತಾರ. ಇವತ್ತ ಮುಂಜಾನಿಂದ ಹನ್ನೊಂದ ಫೋನ್ ಬಂದಾವ. ಮರಾಠ್ಯಾಗೂ ಕೇಳ್ತಾರ.”

ಬ್ಲಾಗಿನ ತುದಿಯಲ್ಲಿ ‘ಸಂದೇಹವಿದ್ದರೆ ಕರೆಮಾಡಿ’ ಎಂದು ಆ ನಂಬರನ್ನು ನಾನೇ ಹಾಕಿದ್ದೆ, ಅದು ನೆನಪಾಗಿಯೇ ಹಾಗೆ ಕೇಳಿದ್ದು.

“ನೀವು ಏನ್ ಹೇಳ್ತೀರಿ ಅವ್ರಿಗೆ?”

“ಏನ್ ಹೇಳ್ಲಿ? ಹೋಗಬ್ಯಾಡ್ರಿ ಅಂತೀನಿ. ಹೊಳಿ ನಾ ಎಲ್ಲಿ ನೋಡೀನಿ? ಆದ್ರ ಕೇಳಾಕತ್ತಾರ ಅಂದ್ರ ಅಂಜಿಕಿ ಇರ್ತೈತಿ. ಅಂಜಿಕಿ ಇದ್ದಲ್ಲಿ ಯಾಕ ಹೋಗ್ತೀರಿ ಅಂತೀನಿ.”

ನಾನು ಜೀಪಿನ ವಿಷಯವನ್ನೆಲ್ಲ ಹೇಳಿದೆ. ಆಕೆ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡಳು. ಆದರೂ ಓಟಿಪಿ ಕೊಡಲು ಒಪ್ಪಲಿಲ್ಲ. “ನೀವು ಖರೇನ ಬಾಯಾರಿದ್ರ ಇಲ್ಲಿಗೆ ಬರ್ರಿ. ಮಾರಿ ನೋಡಿ ಕೊಡ್ತೀನಿ.”

ಇಲ್ಲಿ ಎಂದರೆ ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಯ ಆಚೆಯ ಗಾಯರಾಣ, ದನ ಕುರಿ ಮೇಯುವ ಬಯಲು. ಪುಣ್ಯಕ್ಕೆ ಅದು ಹೊಳೆಯ ಈ ಕಡೆಗೇ ಇತ್ತು. ನಮ್ಮ ಮನೆಯವರ ಬೈಕಿನ ಹಿಂದೆ ಕೂತು ನಾನು ದಾರಿಯುದ್ದಕ್ಕೂ ಮೊಬೈಲನ್ನು ಪ್ಲಾಸ್ಟಿಕ್ ಚೀಲದೊಳಗೆ ಹಿಡಿದು ನೋಡುತ್ತಲೇ ಇದ್ದೆ. ಎಲ್ಲಿಂದಾದರೂ ಇನ್ನೊಂದು ಸುದ್ದಿ ಬಂದರೆ? ಒಂದು ಹಳ್ಳದ ಹತ್ತಿರ ಗಾಡಿ ಜಾರಿ ನಮ್ಮ ಮನೆಯವರ ಮೊಣಕಾಲು ತರಚಿತು. ಅವರು ಎದ್ದು ಮತ್ತೆ ಕಿಕ್ ಹೊಡೆದರು. ನಾನು ಜೋರಾಗಿ ಹೋಗಿರೆಂದು ಹೇಳಲೂ ಆಗದೆ, ಸಾವಕಾಶ ಎನ್ನಲೂ ಆಗದೆ ಅವರ ಹೆಗಲು ಹಿಡಿದು ಕೂತೆ.

ಆಕೆ ನನ್ನಷ್ಟೇ ವಯಸ್ಸಿನವಳು. ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಕೈಯಲ್ಲಿ ಕೋಲು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ನಮ್ಮ ಮನೆಯವರ ರಕ್ತದ ಮೊಣಕಾಲನ್ನೂ ನೋಡಿದಳು. ಸೊಂಟದ ಚೀಲದಿಂದ ಮೊಬೈಲು ತೆಗೆದು, “ಕಳಸ್ರಿ,” ಎಂದಳು.

ಕಳಿಸಿದೆ. ಬರಲಿಲ್ಲ. ಅಲ್ಲಿ ನೆಟ್‌ವರ್ಕಿನ ಒಂದೇ ಕಡ್ಡಿ ಇತ್ತು, ಅದೂ ಹೋಗಿ ಬಂದು ಮಾಡುತ್ತಿತ್ತು. ಮೂವರೂ ದಿಬ್ಬ ಹತ್ತಿದೆವು. ಓಟಿಪಿ ಬಂತು. ಆಕೆ ಒಂದೊಂದೇ ಅಂಕಿಯನ್ನು ಓದಿದಳು, ನಾನು ಒದ್ದೆ ಬೆರಳಿನಿಂದ ಒತ್ತಿದೆ. ಅವಧಿ ಮುಗಿದಿದೆ ಎಂದಿತು. ಇನ್ನೊಮ್ಮೆ ಕೇಳಿದೆ. ಪದೇ ಪದೇ ಕೇಳಿದರೆ ಖಾತೆಯನ್ನೇ ಒಂದು ದಿನ ಮುಚ್ಚಿಬಿಡುತ್ತಾರೆಂದು ಎಲ್ಲೋ ಓದಿದ್ದೆ. ಈ ಸಲ ಆಕೆಯ ಕೊಪ್ಪೆಯ ಒಳಗೆ ಇಬ್ಬರೂ ತಲೆ ತೂರಿಸಿ ನಿಂತೆವು. ಸಂದೇಶ ಬಂದದ್ದೇ ಆಕೆ ಗಡಬಡಿಸದೆ ಓದಿದಳು. ಬಾಗಿಲು ತೆರೆಯಿತು.

ಅಳಿಸಿಬಿಡಬೇಕೆಂದು ಬೆರಳು ಹೋಯಿತು. ಅಷ್ಟರಲ್ಲಿ ಒಂದು ವಿಚಾರ ಬಂದು ತಡೆದೆ. ಜನ ಬರುವುದು ಇದೇ ಪುಟಕ್ಕೆ. ಅಳಿಸಿದರೆ ಬಂದವರಿಗೆ ಖಾಲಿ ಪುಟ ಸಿಗುತ್ತದೆ, ನನ್ನ ಚೆಂದದ ವೆಬ್‌ಸೈಟಂತೂ ಸಿಗುವುದಿಲ್ಲ. ಶೀರ್ಷಿಕೆ ಬದಲಿಸಿದೆ. ಒಳಗೆ ಎಲ್ಲ ಸೇತುವೆಗಳ ಹೆಸರನ್ನೂ ಬರೆದು, ಮುಂದೆ ‘ಮುಳುಗಿದೆ, ಹೋಗಬೇಡಿ’ ಎಂದು ಹಾಕಿದೆ. ತಾರೀಖು, ವರ್ಷ, ಗಂಟೆ ಎಲ್ಲವನ್ನೂ ಬರೆದೆ. ಅದನ್ನೇ ಮರಾಠಿಯಲ್ಲೂ, ಇಂಗ್ಲಿಷ್ ಅಕ್ಷರದಲ್ಲೂ ಹಾಕಿದೆ. ಕೆಳಗೆ ಹೊಸ ವೆಬ್‌ಸೈಟಿನ ಲಿಂಕು. ಆಕೆಯ ನಂಬರನ್ನು ತೆಗೆದು ನನ್ನ ಹೊಸ ನಂಬರು ಸೇರಿಸಿದೆ.

“ಆತೇನ್ರಿ?” ಎಂದಳು.

“ಆತವ್ವಾ.”

“ಹಂಗಾದ್ರ ಚಹಾ ಕುಡೀರಿ. ಅವ್ರ ಕಾಲಿಗೆ ಅರಿಶಿಣ ಹಚ್ಚೋಣ.”

ಆದರೆ ಪೂರ್ತಿ ಮುಗಿದಿರಲಿಲ್ಲ. ಮನೆಗೆ ಬಂದು ಹುಡುಕಿದರೆ ಸರ್ಚಿನಲ್ಲಿ ಇನ್ನೂ ಹಳೆಯ ಶೀರ್ಷಿಕೆಯೇ ಬರುತ್ತಿತ್ತು. ಒಳಗೆ ಹೋದರೆ ನಿಜ, ಹೊರಗಿನಿಂದ ಓದಿದರೆ ಸುಳ್ಳು. ಪುಟವನ್ನು ಮತ್ತೆ ಓದಿಕೊಳ್ಳಿರೆಂದು ಸರ್ಚ್ ಯಂತ್ರಕ್ಕೆ ಅರ್ಜಿ ಹಾಕುವ ದಾರಿ ಇದೆ. ಹಾಕಿದೆ. ಒಳಗೆ ಹೋಗದೆ ಬರೀ ಮೇಲಿನ ಎರಡು ಸಾಲು ಓದಿ ಗಾಡಿ ಬಿಡುವವರು ಎಷ್ಟು ಜನ ಇರಬಹುದೆಂದು ಎಣಿಸುತ್ತ ಎರಡು ದಿನ ಕಳೆದೆ. ಊಟ ಸೇರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಶೀರ್ಷಿಕೆ ಬದಲಾಯಿತು. ಆ ಎರಡು ದಿನಗಳಲ್ಲಿ ಯಾರಿಗೂ ಏನೂ ಆಗಲಿಲ್ಲ. ಅದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ.

ಆಮೇಲೆ ನನ್ನ ವೆಬ್‌ಸೈಟನ್ನು ಬಿಚ್ಚಿ ಮತ್ತೆ ಕಟ್ಟಿದೆ. ಚಿತ್ರ ತೆಗೆದು ಪಟ್ಟಿಯನ್ನು ಅಕ್ಷರಗಳಲ್ಲೇ ಬರೆದೆ. ಪ್ರತಿ ಸೇತುವೆಗೂ ಒಂದೊಂದು ಪುಟ, ಅದರದೇ ಶೀರ್ಷಿಕೆ. ಜನ ‘ಸೇತುವೆ’ ಎಂದು ಹುಡುಕುವುದಕ್ಕಿಂತ ‘ಪೂಲ’ ಎಂದೇ ಹೆಚ್ಚು ಹುಡುಕುತ್ತಾರೆಂದು ಗೊತ್ತಾಗಿ ಅದನ್ನೂ ಸೇರಿಸಿದೆ. ಅಥಣಿಯ ಗೆಳತಿಯೊಬ್ಬಳು ತನ್ನ ಶಾಲೆಯ ಪುಟದಿಂದ ಲಿಂಕು ಕೊಟ್ಟಳು. ಇಷ್ಟಾದರೂ ಇವತ್ತಿಗೂ ಸರ್ಚಿನಲ್ಲಿ ಮೊದಲು ಬರುವುದು ಬ್ಲಾಗೇ, ನನ್ನದು ಅದರ ಕೆಳಗೆ ಮೂರನೆಯದೋ ನಾಲ್ಕನೆಯದೋ. ಆದ್ದರಿಂದ ದಿನಾ ಎರಡೂ ಕಡೆ ಬರೆಯುತ್ತೇನೆ.

ಹೊಳೆ ಇಳಿದು ಶಾಲೆ ಶುರುವಾದಾಗ ಹಿಂದಿ ಮಾಸ್ತರರು ನನ್ನೊಡನೆ ಮಾತಾಡಲಿಲ್ಲ. ಹಾಜರಿ ಪುಸ್ತಕವನ್ನು ಮುಂದಕ್ಕೆ ಸರಿಸಿ ಎದ್ದುಹೋಗುತ್ತಿದ್ದರು. ಒಂದು ರವಿವಾರ ನಾನೇ ಆ ದಂಡೆಯ ಅವರ ಮನೆಗೆ ಹೋದೆ. ಅವರ ತಾಯಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. ಆ ಬರಹ ನನ್ನದೇ, ತಪ್ಪೂ ನನ್ನದೇ ಎಂದೆ.

“ನಾ ಓದೂದಿಲ್ಲವ್ವಾ,” ಎಂದಳು ಮುದುಕಿ. “ನೀರ ನೋಡಿ ಬ್ಯಾಡೋ ಅಂದೆ ಅಳಿಯಾಗ. ಮೊಬೈಲ್ ತೋರಿಸಿದ. ನಾ ಸುಮ್ನಾದೆ. ಇನ್ನ ಮ್ಯಾಲೆ ಸುಮ್ನಾಗೂದಿಲ್ಲ.”

ಮಾಸ್ತರರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಚಹಾ ತಂದುಕೊಟ್ಟರು. ನಾನು ಹೊರಟಾಗ ರಸ್ತೆಯವರೆಗೂ ಬಂದು, “ನಿಮಗ ನಿಮ್ಮ ಕಡೀದ ಅಷ್ಟ ಕಾಣ್ತೈತಿ ಮೇಡಂ. ನಮ್ಮ ಕಡೆ ರಸ್ತಾ ತಗ್ಗ ಐತಿ, ಪೂಲಿಗಿಂತ ಮೊದಲ ಮುಳಗ್ತೈತಿ. ಅದನ್ನ ಯಾರು ಬರೀತಾರ?” ಎಂದರು.

ಈ ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಆರಕ್ಕೆ ಮುಂಚೆ ಅವರಿಂದ ಒಂದು ಫೋಟೋ ಬರುತ್ತದೆ. ಆ ದಂಡೆಯ ರಸ್ತೆ, ನೀರು ಎಲ್ಲಿಯವರೆಗೆ ಬಂದಿದೆ ಎಂಬುದಕ್ಕೆ ನಿಲ್ಲಿಸಿದ ಒಂದು ಕೋಲು. ಕೆಳಗೆ ತಾರೀಖು, ಗಂಟೆ. ಬೇರೆ ಮಾತೇನೂ ಇರುವುದಿಲ್ಲ. ಅದನ್ನು ನೋಡಿದ ಮೇಲೆಯೇ ನಾನು ಬರೆಯಲು ಕೂರುತ್ತೇನೆ.