ಮೈಲುತುತ್ತವಿಲ್ಲದ ಅಂಟು

ಗೋಂದಮ್ಮ ಅಂಟಿಗೆ ಸಕ್ಕರೆ ಬೆರೆಸಿದಳು ಎಂಬ ಮಾತು ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಹುಟ್ಟಿತೋ, ಕ್ಷೌರದಂಗಡಿಯ ಕನ್ನಡಿಯ ಮುಂದೆ ಹುಟ್ಟಿತೋ, ಹೇಳಬಲ್ಲವರಿಲ್ಲ. ಹುಟ್ಟಿದ ಮೇಲೆ ಅದಕ್ಕೆ ಕೈಕಾಲು ಮೂಡಲು ತಡವಾಗಲಿಲ್ಲ. ಪ್ರದರ್ಶನ ಭವನದಲ್ಲಿ ನಿಲ್ಲಿಸಿದ್ದ ದೊಡ್ಡ ಬೊಂಬೆಯ ಬಲಗೈ, ನೋಡಲು ಬಂದ ಶಾಲೆಯ ಮಕ್ಕಳ ಕಣ್ಣೆದುರಿಗೇ ಕಳಚಿ ಬಿದ್ದಿತ್ತು. ಹುಳ ಹತ್ತಲಿ ಎಂದೇ ಮುದುಕಿ ಸಕ್ಕರೆ ಹಾಕಿದಳಂತೆ. ಸೊಸೆಯ ಹೆಸರು ಊರಿನ ಬಾಯಲ್ಲಿ ಮೇಲೇರುವುದನ್ನು ಕಂಡು ಹೊಟ್ಟೆ ಉರಿಯಿತಂತೆ. ತಾನು ಮಾಡಿದ್ದು ತನ್ನ ಕಣ್ಣೆದುರಿಗೇ ಮುರಿದು ಬೀಳಬೇಕು ಎಂಬ ಹುಚ್ಚು ಅವಳಿಗೆ ಮೊದಲಿಂದಲೂ ಇತ್ತಂತೆ.

ಸಕ್ಕರೆಯ ಮಾತು ಸುಳ್ಳು. ಹೊಟ್ಟೆಕಿಚ್ಚಿನ ಮಾತೂ ಸುಳ್ಳು. ಆದರೆ ಆ ಬೊಂಬೆ ಉಳಿಯದೆ ಹೋದದ್ದಕ್ಕೆ ಅವಳ ಕೈಯೇ ಕಾರಣ ಎಂಬುದು ಮಾತ್ರ ನಿಜ.

ಹೆತ್ತವರು ಅವಳಿಗೆ ಇಟ್ಟ ಹೆಸರು ಬೇರೆಯೇ ಇತ್ತು. ಮದುವೆಯಾಗಿ ಬೊಂಬೆ ಬೀದಿಗೆ ಬಂದ ಮೇಲೆ ಅದು ಮೂಲೆ ಸೇರಿತು. ಗಂಡ ಬೊಂಬೆಗಳಿಗೆ ಮುಖ ಬರೆಯುವವನು. ಗಂಡನ ತಮ್ಮ ಬಿದಿರು ಸೀಳಿ ಚೌಕಟ್ಟು ಕಟ್ಟುವವನು. ಅತ್ತೆ ಇಡೀ ಬೀದಿಗೆ ಅಂಟು ಕುದಿಸುವವಳು. ಅತ್ತೆಯ ಕೈ ನಡುಗತೊಡಗಿದಾಗ ಸೌಟು ಇವಳಿಗೆ ಬಂತು, ಸೌಟಿನ ಹಿಂದೆಯೇ ಗೋಂದಮ್ಮ ಎಂಬ ಹೆಸರೂ ಬಂತು. ಗಂಡ ತೀರಿಕೊಂಡ ಮೇಲೂ ಒಲೆ ಆರಲಿಲ್ಲ.

ಆ ಕೆಲಸಕ್ಕೆ ಅದರದೇ ಕ್ರಮವಿತ್ತು. ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನೀರಿಗೆ ಎಳೆಯಾಗಿ ಬಿಡುತ್ತ, ಸೌಟನ್ನು ಒಂದೇ ದಿಕ್ಕಿಗೆ ತಿರುವಬೇಕು. ಹಿಟ್ಟಿನ ಬಿಳುಪು ಹೋಗಿ ಮಂಜು ಹಿಡಿದ ಗಾಜಿನ ಬಣ್ಣ ಬಂದಾಗ ಇಳಿಸಬೇಕು. ಇಳಿಸುವ ಮುಂಚೆ ಗೋಂದಮ್ಮ ಸೌಟಿನ ತುದಿಯ ಅಂಟನ್ನು ಊದಿ, ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ಹಸಿಹಿಟ್ಟಿನ ರುಚಿ ಉಳಿದಿದ್ದರೆ ಆ ಅಂಟು ಒಣಗಿದ ಮೇಲೆ ಸಿಪ್ಪೆ ಏಳುತ್ತದೆ. ಅತ್ತೆ ಕಲಿಸಿದ ಪರೀಕ್ಷೆ ಅದು. ಬೇರೆ ಪರೀಕ್ಷೆ ಅವಳಿಗೆ ಗೊತ್ತಿರಲಿಲ್ಲ.

ಅಂಟು ಹಚ್ಚುವ ಹೆಂಗಸರ ಬಾಯಿಗೂ ಕೆಲಸವಿತ್ತು. ಹಳೆಯ ಪತ್ರಿಕೆಗಳನ್ನು ಅವರು ಕತ್ತರಿಸುತ್ತಿರಲಿಲ್ಲ, ಉದ್ದುದ್ದ ಪಟ್ಟಿಗಳಾಗಿ ಹರಿಯುತ್ತಿದ್ದರು. ಹರಿದ ಅಂಚು ಬಿದಿರಿನ ಮೈಗೆ ಅಂಟಿಕೊಂಡು ಕೂರುತ್ತದೆ. ಎರಡೂ ಕೈ ಚೌಕಟ್ಟಿನ ಮೇಲಿದ್ದಾಗ ಮುಂದಿನ ಪಟ್ಟಿ ತುಟಿಗಳ ನಡುವೆ ಕಾದಿರುತ್ತಿತ್ತು. ಆ ಬೀದಿಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಇದು ನಡೆಯಲು ಕಲಿತಷ್ಟೇ ಸಹಜ, ಮದುವೆಯಾಗಿ ಬಂದವರಿಗೆ ಒಂದು ವರ್ಷದ ಬೊಂಬೆ ಮೆರವಣಿಗೆ ಕಳೆಯುವಷ್ಟರಲ್ಲಿ ಬರುತ್ತಿತ್ತು.

"ನಮ್ಮ ಬೀದಿ ಹೆಂಗಸರು ಬಾಯಿ ಮುಚ್ಚಿರೋದು ಕೆಲಸದ ಹೊತ್ನಲ್ಲಿ ಮಾತ್ರ," ಎಂದು ಮೈದುನ ಬಿದಿರು ಸೀಳುತ್ತ ಕೆಣಕುತ್ತಿದ್ದ. "ಅತ್ತಿಗೆ, ಅಂಟು ಇನ್ನೊಂದು ಪಾತ್ರೆ ಜಾಸ್ತಿ ಮಾಡಿ. ಪುಣ್ಯ ಬರುತ್ತೆ."

"ನಿನ್ನ ಬಾಯಿಗೂ ಒಂದು ಸೌಟು ಇಟ್ಟಿದ್ದೀನಿ, ಬಾರಯ್ಯ," ಎನ್ನುತ್ತಿದ್ದಳು ಗೋಂದಮ್ಮ.

ಊರಿಗೆ ಇಷ್ಟೊಂದು ಜನ ಬರುತ್ತಿದ್ದದ್ದು ಈ ಬೊಂಬೆಗಳ ಮೆರವಣಿಗೆಗಾಗಿಯೇ. ಮಹಡಿಯೆತ್ತರದ ಬೊಂಬೆಗಳು ಭುಜಗಳ ಮೇಲೆ ಓಲಾಡುತ್ತ ಮುಖ್ಯ ರಸ್ತೆಯಲ್ಲಿ ಸಾಗುವುದನ್ನು ನೋಡಲು ಮೊದಲು ಸುತ್ತಲಿನವರು ಬರುತ್ತಿದ್ದರು, ಆಮೇಲೆ ದೂರದವರೂ ಬರತೊಡಗಿದರು. ಬಂದವರಿಗೆ ಮಲಗಲು ಜಾಗ ಬೇಕು, ಉಣ್ಣಲು ಊಟ ಬೇಕು, ಕೊಂಡೊಯ್ಯಲು ಏನಾದರೊಂದು ಬೇಕು. ಮುಖ್ಯ ರಸ್ತೆಯ ಮನೆಗಳ ಮೇಲೆ ಬಾಡಿಗೆಗೆಂದೇ ಕೋಣೆಗಳು ಎದ್ದವು. ಕ್ಷೌರದವನು ಎರಡನೆಯ ಕುರ್ಚಿ ಹಾಕಿಸಿದ. ಕೊಡೆ ರಿಪೇರಿಯವನು ಬಣ್ಣದ ಟೋಪಿ ಮಾರಲು ಕೂತ. ಗೋಂದಮ್ಮನ ಮಗ ಸಾಲದ ಮೇಲೆ ಒಂದು ವ್ಯಾನು ತೆಗೆದು, ರೈಲು ನಿಲ್ದಾಣದಿಂದ ಜನರನ್ನು ಕರೆತರುವ ಕೆಲಸ ಹಿಡಿದ. ಊರಿಗೆ ಊರೇ ಆ ಕಾಗದದ ಮೈಗಳ ಬೆನ್ನು ಹತ್ತಿ ನಡೆಯುತ್ತಿತ್ತು.

ಮೆರವಣಿಗೆಯ ಮರುದಿನ ಬೊಂಬೆಗಳನ್ನು ಬೀದಿಯ ಹಿಂದಿನ ಬಯಲಿಗೆ ತಂದು, ಕಟ್ಟಿದವರೇ ಒಡೆಯುತ್ತಿದ್ದರು. ಬಿದಿರು ಮೈದುನನ ಶೆಡ್ಡಿಗೆ ಹೋಗುತ್ತಿತ್ತು. ಕಾಗದ ತೊಟ್ಟಿಯಲ್ಲಿ ನೆನೆದು ಮುಂದಿನ ವರ್ಷದ ಮೂಗು ಕಿವಿಗಳಿಗೆ ಮಣ್ಣಿನಂತೆ ಒದಗುತ್ತಿತ್ತು. ಮದುವೆಯಾದ ವರ್ಷ ಗೋಂದಮ್ಮ ಬಯಲಿನ ಅಂಚಿನಲ್ಲಿ ನಿಂತು ಅತ್ತಿದ್ದಳು. ಗಂಡ ಹಗಲಿಡೀ ಕೂತು ಬರೆದ ಕಣ್ಣುಗಳ ಮೇಲೆ ಮೈದುನ ದೊಣ್ಣೆ ಎತ್ತಿದ್ದ.

"ಅಳಬೇಡ," ಎಂದಿದ್ದಳು ಅತ್ತೆ. "ಇದು ಹಿಂಗೇ ನಿಂತುಬಿಟ್ರೆ ಮುಂದಿನ ವರ್ಷ ನಿನ್ನ ಗಂಡ ಯಾರಿಗೆ ಕಣ್ಣು ಬರೀತಾನೆ?"

ಆ ಮಾತು ಗೋಂದಮ್ಮನ ಒಳಗೆ ಬೇರುಬಿಟ್ಟಿತು. ಮುಂದೆ ನಡೆದದ್ದಕ್ಕೆಲ್ಲ ಮೂಲ ಅಲ್ಲಿದೆ.

ಮಗ ಮದುವೆಯಾಗಿ ತಂದ ಹುಡುಗಿ ಬೇರೆ ಊರಿನವಳು, ನಾಲ್ಕು ಜನರ ನಡುವೆ ಎದ್ದು ನಿಂತು ಮಾತಾಡಬಲ್ಲವಳು. ಪಟ್ಟಿ ಹರಿಯುವುದನ್ನೂ ತುಟಿಯಲ್ಲಿ ಹಿಡಿಯುವುದನ್ನೂ ಬೇಗ ಕಲಿತಳು. ಕಲಿಯುತ್ತಲೇ ಒಂದು ವಿಷಯ ಅವಳ ಕಣ್ಣಿಗೆ ಬಿತ್ತು. ಬೀದಿಗೆ ಕೈತುಂಬ ಕೆಲಸವಿರುವುದು ಮೆರವಣಿಗೆಗೆ ಮುಂಚಿನ ಕೆಲವು ತಿಂಗಳು ಮಾತ್ರ. ಉಳಿದ ದಿನಗಳಲ್ಲಿ ಇದೇ ಹೆಂಗಸರು, ತಮ್ಮ ಬೊಂಬೆಗಳಿಂದಲೇ ಎದ್ದ ವಸತಿಗೃಹಗಳಲ್ಲಿ, ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ಉತ್ಸವ ಸಮಿತಿಯವರು ಹಳೆಯ ಗೋದಾಮನ್ನು ಪ್ರದರ್ಶನ ಭವನ ಮಾಡಲು ಹೊರಟಾಗ ಅವಳು ಸಭೆಗೆ ಹೋಗಿ ಕೇಳಿದಳು: ಬೊಂಬೆ ವರ್ಷವಿಡೀ ನಿಂತರೆ ಜನವೂ ವರ್ಷವಿಡೀ ಬರುವುದಿಲ್ಲವೇ? ಅದನ್ನು ನಮ್ಮ ಬೀದಿಯೇ ಮಾಡಿಕೊಡಬಾರದೇ? ಒಂದು ಬೊಂಬೆ ಕೆಡದೆ ನಿಂತು ತೋರಿಸಿದರೆ ಭವನಕ್ಕೆ ಬೇಕಾದ ಬೊಂಬೆಗಳನ್ನೆಲ್ಲ ಬೀದಿಗೇ ಕೊಡುವುದಾಗಿ ಸಮಿತಿ ಒಪ್ಪಿತು. ಅಂದು ಅವಳು ಮನೆಗೆ ಬಂದಾಗ ಅಕ್ಕಪಕ್ಕದವರು ಬಾಗಿಲಲ್ಲಿ ಕಾದಿದ್ದರು.

ಒಂದು ಷರತ್ತಿತ್ತು. ಅದನ್ನು ಹೇಳಲು ಸಮಿತಿಯ ಕಾರ್ಯದರ್ಶಿ ತಾವೇ ಮನೆಗೆ ಬಂದರು. ಮೆತ್ತಗೆ ಮಾತಾಡುವ ಮನುಷ್ಯ. ಕೈಚೀಲದಿಂದ ನೀಲಿ ಹರಳುಗಳ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮ, ಇದು ಒಡೆಯೋ ಬೊಂಬೆ ಅಲ್ಲ, ನಿಲ್ಲೋ ಬೊಂಬೆ. ಅಂಟಿಗೆ ಇದನ್ನ ಹಾಕಲೇಬೇಕು."

"ಏನು ಸಾರ್ ಇದು? ಕಲ್ಲುಸಕ್ಕರೆಗೆ ಬಣ್ಣ ಬಳಿದ ಹಾಗಿದೆ."

"ಮೈಲುತುತ್ತ. ಹಿಟ್ಟಿನ ಅಂಟು ಅಂದ್ರೆ ಹುಳಕ್ಕೆ ಹಬ್ಬದೂಟ. ಇದು ಬಿದ್ರೆ ಒಂದೂ ಹತ್ರ ಸುಳಿಯಲ್ಲ."

"ಹುಳಕ್ಕೆ ವಿಷ. ನಮಗೆ?"

"ಬಾಯಿಗೆ ಹೋಗಬಾರದು, ಅಷ್ಟೇ."

"ಯಾರು ಬಾಯಿಗೆ ಹಾಕ್ಕೋತಾರೆ ಸಾರ್," ಎಂದಳು ಸೊಸೆ. ಆಗ ಅವಳು ತುಂಬಿದ ಬಸುರಿ, ಗೋಡೆಗೆ ಒರಗಿ ನಿಂತಿದ್ದಳು. "ನಮ್ಮತ್ತೆ ಹಾಕ್ತಾರೆ. ನೀವು ನಿಶ್ಚಿಂತೆಯಾಗಿರಿ."

ಮೊದಲ ಪಾತ್ರೆಗೆ ಗೋಂದಮ್ಮ, ಕಾರ್ಯದರ್ಶಿ ಹೇಳಿದಂತೆಯೇ, ಮೈಲುತುತ್ತ ಕರಗಿಸಿ ಹಾಕಿದಳು. ಅಂಟು ತಿಳಿನೀಲಿಯಾಯಿತು. ಇಳಿಸುವ ಹೊತ್ತಿಗೆ ಸೌಟು ತಾನಾಗಿ ಬಾಯಿಯ ಹತ್ತಿರ ಬಂತು. ನೆನಪಾಗಿ ಕೆಳಗಿಳಿಸಿದಳು. ಬೆಂದಿದೆಯೋ ಇಲ್ಲವೋ ಎಂಬುದನ್ನು ಕಣ್ಣಳತೆಯಲ್ಲೇ ತೀರ್ಮಾನಿಸಬೇಕಾಯಿತು. ಆಮೇಲೆ ಪಾತ್ರೆಯನ್ನು ಹೆಂಗಸರ ನಡುವೆ ಇಟ್ಟು ಹೇಳಿದಳು:

"ಕೇಳ್ರಮ್ಮ. ಇದರಲ್ಲಿ ವಿಷ ಇದೆ. ಇವತ್ತಿಂದ ಪಟ್ಟಿ ಬುಟ್ಟೀಲಿರಲಿ. ಯಾರೂ ಬಾಯಲ್ಲಿ ಇಟ್ಕೋಬಾರದು."

"ಹಾಗಾದ್ರೆ ಇವತ್ತಿಡೀ ಮಾತಾಡಬಹುದು ಅನ್ನಿ," ಎಂದಳು ಒಬ್ಬಳು. ಎಲ್ಲರೂ ನಕ್ಕರು.

ಸ್ವಲ್ಪ ಹೊತ್ತು ಎಲ್ಲರೂ ಬುಟ್ಟಿಗೇ ಕೈ ಹಾಕಿದರು. ಕೆಲಸದ ಓಟ ಹತ್ತಿದಂತೆ ಮಾತು ನಿಂತಿತು. ಗೋಂದಮ್ಮ ಒಲೆಯ ಕಡೆಯಿಂದ ತಿರುಗಿ ನೋಡಿದಾಗ ಸೊಸೆ ಸ್ಟೂಲಿನ ಮೇಲೆ ಕೂತು ಬೊಂಬೆಯ ಭುಜಕ್ಕೆ ಕಾಗದ ಒತ್ತುತ್ತಿದ್ದಳು. ತುಟಿಗಳ ನಡುವೆ ಒಂದು ಪಟ್ಟಿ ಇತ್ತು. ಬೆರಳಿನ ಅಂಟು ತಗುಲಿ ಅದರ ಅಂಚು ನೀಲಿಯಾಗಿತ್ತು.

ಗೋಂದಮ್ಮ ಓಡಿಹೋಗಿ ಅದನ್ನು ಕಿತ್ತಳು. ಒದ್ದೆ ಬಟ್ಟೆಯಿಂದ ಆ ಬಾಯನ್ನು, ಚಿಕ್ಕ ಮಗುವಿನ ಬಾಯನ್ನು ಒರೆಸುವಂತೆ, ಮತ್ತೆ ಮತ್ತೆ ಒರೆಸಿದಳು.

"ಅಯ್ಯೋ, ಮರ್ತೇ ಹೋಯ್ತು ಅತ್ತೆ. ಇನ್ಮೇಲೆ ಇಲ್ಲ," ಎಂದು ಸೊಸೆ ನಕ್ಕಳು.

ಊಟದ ಹೊತ್ತು ಬರುವ ಮುಂಚೆ ಮತ್ತೊಬ್ಬಳ ತುಟಿಯಲ್ಲಿ ಪಟ್ಟಿ ಕಂಡಿತು. ಎಲ್ಲರೂ ಊಟಕ್ಕೆ ಎದ್ದು ಹೋದಾಗ ಗೋಂದಮ್ಮ ಪಾತ್ರೆಯನ್ನು ಹಿತ್ತಿಲಿಗೆ ಒಯ್ದು, ಗುಂಡಿ ತೋಡಿ, ಅಂಟನ್ನೂ ಪೊಟ್ಟಣದಲ್ಲಿ ಉಳಿದ ಹರಳನ್ನೂ ಸುರಿದು ಮಣ್ಣು ಮುಚ್ಚಿದಳು. ಪಾತ್ರೆಯನ್ನು ಮರಳು ಹಾಕಿ ತಿಕ್ಕಿದಳು. ಹೊಸದಾಗಿ ಅಂಟು ಕುದಿಸಿದಳು, ನಾಲಿಗೆಗೆ ಹಚ್ಚಿ ನೋಡಿದಳು. ಕೊನೆಗೆ, ಒಗೆದ ಬಟ್ಟೆಗೆ ಹಾಕುವ ನೀಲಿಯ ಕೆಲವು ಹನಿ ಬಿಟ್ಟು ತಿರುವಿದಳು. ಬೊಂಬೆ ಮುಗಿಯುವವರೆಗೆ ಪ್ರತಿ ಪಾತ್ರೆಗೂ ಹಾಗೆಯೇ ಮಾಡಿದಳು.

ಸೊಸೆ ಗೆದ್ದು ತಂದ ಕೆಲಸ ಕೈತಪ್ಪಬಾರದು. ಸೊಸೆಯ ಬಾಯಿಗೆ ವಿಷವೂ ಬೀಳಬಾರದು. ಎರಡನ್ನೂ ಉಳಿಸುವ ದಾರಿ ಅವಳಿಗೆ ಕಂಡದ್ದು ಅದೊಂದೇ. ಬೊಂಬೆಯ ಗತಿ ಏನೆಂದು ಅವಳು ಯೋಚಿಸಲಿಲ್ಲ ಎಂದಲ್ಲ. ಇನ್ನೊಂದು ಮಳೆಗಾಲ ಕಳೆದರೆ ಬಿದ್ದೀತು, ಬಿದ್ದರೆ ಇನ್ನೊಂದು ಮಾಡಿ ಎಂದು ಕರೆದಾರು ಎಂದುಕೊಂಡಳು. ಆ ಬೀದಿಯಲ್ಲಿ ಕೆಲಸ ಬರುತ್ತಿದ್ದ ಬಗೆ ಯಾವಾಗಲೂ ಅದೇ. ಮುರಿದದ್ದನ್ನು ನೋಡಿ, ಮಾಡಿದವರಿಗೆ ಕೆಲಸವೇ ಗೊತ್ತಿಲ್ಲ ಎಂದು ತೀರ್ಮಾನಿಸುವ ಜನರೂ ಇರುತ್ತಾರೆ ಎಂಬುದು ಅವಳ ಲೆಕ್ಕದಲ್ಲಿ ಇರಲಿಲ್ಲ.

ಭವನ ತೆರೆಯಿತು. ಸೊಸೆಗೆ ಹೆಣ್ಣುಮಗು ಹುಟ್ಟಿತು. ಮೆರವಣಿಗೆ ಇಲ್ಲದ ದಿನಗಳಲ್ಲೂ ಮಗನ ವ್ಯಾನು ತುಂಬತೊಡಗಿತು. ಬೀದಿಯ ಜಗಲಿಗಳ ಮೇಲೆ ಗೇಣುದ್ದದ ಬೊಂಬೆಗಳು ಮಾರಾಟಕ್ಕೆ ಕೂತವು. ವಸತಿಗೃಹದ ಕೆಲಸ ಬಿಟ್ಟು ಬಂದ ಹೆಂಗಸರು ಸೊಸೆಯನ್ನು ದಾರಿಯಲ್ಲಿ ನಿಲ್ಲಿಸಿ ಮಾತಾಡಿಸುತ್ತಿದ್ದರು. ಬೊಂಬೆಯ ಒಳಗೆ ಮಾತ್ರ, ಬಣ್ಣದ ಹಿಂದೆ, ಹುಳಗಳು ತಮ್ಮ ಪಾಡಿಗೆ ತಾವು ತಿನ್ನುತ್ತಿದ್ದವು. ಮಳೆಗಾಲದ ಕೊನೆಯಲ್ಲಿ ಬಲಗೈ ಬಿತ್ತು.

ಸಮಿತಿಯವರು ಅತ್ತೆ ಸೊಸೆ ಇಬ್ಬರನ್ನೂ ಭವನಕ್ಕೆ ಕರೆಸಿದರು. ನೆಲದ ಮೇಲೆ ಬಿದ್ದಿದ್ದ ಕೈ ಜೇನುಗೂಡಿನಂತೆ ತೂತುತೂತಾಗಿತ್ತು.

"ಅತ್ತೆ ಮೈಲುತುತ್ತ ಹಾಕಿದ್ದನ್ನ ನಾನೇ ನೋಡಿದ್ದೀನಿ," ಎಂದಳು ಸೊಸೆ, ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಳ್ಳುತ್ತ. "ಕೊನೇವರೆಗೂ ಅಂಟು ನೀಲಿಯಾಗಿತ್ತು. ಬೇಕಾದ್ರೆ ಬೀದೀಲಿ ಯಾರನ್ನಾದ್ರೂ ಕೇಳಿ."

"ಹಾಗಾದ್ರೆ ಹರಳು ಮಾರಿದ ಅಂಗಡಿಯವನೇ ಕಲಬೆರಕೆ ಕೊಟ್ಟಿರಬೇಕು," ಎಂದರು ಕಾರ್ಯದರ್ಶಿ. "ಸುಮ್ಮನೆ ಬಿಡೋದಿಲ್ಲ ಅವನನ್ನ."

ಗೋಂದಮ್ಮ ಬಗ್ಗಿ ಆ ಕೈಯನ್ನು ಮುಟ್ಟಿ ನೋಡಿದಳು. ಬೆರಳಿಗೆ ಹುಡಿ ಹತ್ತಿತು.

"ಅಂಗಡಿಯವನ ತಪ್ಪಿಲ್ಲ ಸಾರ್," ಎಂದಳು. "ನಾನು ಹಾಕ್ಲಿಲ್ಲ. ಆ ನೀಲಿ, ಬಟ್ಟೆಗೆ ಹಾಕೋದು."

ಸೊಸೆ ಅತ್ತೆಯ ಮುಖ ನೋಡಿದಳು. ಕಾರ್ಯದರ್ಶಿ ಕೇಳಿದರು: "ಯಾಕಮ್ಮ?"

ಕಾರಣ ಹೇಳಿದರೆ ಅದು ಸೊಸೆಯ ತುಟಿಗೇ ಹೋಗಿ ಮುಟ್ಟುತ್ತಿತ್ತು. ಬಾಯಿಗೆ ಯಾರೂ ಹಾಕಿಕೊಳ್ಳುವುದಿಲ್ಲ ಎಂದು ಕಾರ್ಯದರ್ಶಿಗೆ ಮಾತು ಕೊಟ್ಟವಳೇ ಆ ಮಾತನ್ನು ಮೊದಲು ಮರೆತವಳು ಎಂದಾಗುತ್ತಿತ್ತು.

"ಅಭ್ಯಾಸ ಇರ್ಲಿಲ್ಲ ಸಾರ್," ಎಂದಳು ಗೋಂದಮ್ಮ. ಮತ್ತೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅವಳು ಹೇಳದೆ ಉಳಿಸಿದ ಕಾರಣದ ಜಾಗದಲ್ಲಿ ಊರು ಸಕ್ಕರೆ ತಂದು ಸುರಿಯಿತು.

ಮನೆಯಲ್ಲಿ ಸೊಸೆ ಮಾತು ಬಿಟ್ಟಳು. ತಟ್ಟೆ ಇಡುತ್ತಿದ್ದಳು, ನೀರು ಇಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಗುವಿಗೆ ಉಣ್ಣಿಸುತ್ತಿದ್ದವಳು ತಲೆ ಎತ್ತದೆ ಕೇಳಿದಳು:

"ಎಲ್ಲರ ಎದುರು ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಲ್ಲ ಅತ್ತೆ. ನಾನೇನು ಮಾಡಿದ್ದೆ ನಿಮಗೆ?"

"ನೀನೇನೂ ಮಾಡ್ಲಿಲ್ಲ ತಾಯಿ. ಎಲ್ಲರೂ ಪಟ್ಟಿ ಬಾಯಲ್ಲಿ ಇಟ್ಕೋತಿದ್ರಲ್ಲ, ಅದಕ್ಕೆ."

"ಬೇಡ ಅಂತ ಗಟ್ಟಿಯಾಗಿ ಹೇಳಿದ್ರೆ ಬಿಡ್ತಿದ್ವಿ."

"ಹೇಳಿದ್ದೆ. ಮೊದಲು ಇಟ್ಕೊಂಡವಳು ನೀನು."

ಸೊಸೆಯ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಮಗು ಬಾಯಿ ತೆರೆದುಕೊಂಡು ಕಾಯಿತು. ಅವಳಿಗೆ ಆ ಒದ್ದೆ ಬಟ್ಟೆ ನೆನಪಾಗಿರಬೇಕು. ಎಡಗೈಯಿಂದ ತನ್ನ ತುಟಿಯನ್ನು ಮುಟ್ಟಿಕೊಂಡಳು.

"ಸಮಿತಿಗೆ ಹೋಗಿ ಹೇಳ್ತೀನಿ," ಎಂದಳು.

"ಬೇಡ. ನಿನ್ನ ಮಾತಿಗೆ ಅಲ್ಲಿ ಬೆಲೆ ಇದೆ. ನನ್ನದು ಸೌಟು ಹಿಡಿಯೋ ಕೈ, ಅದಕ್ಕೆ ಏನು ಅಂದ್ರೂ ನಡೆಯುತ್ತೆ."

ಸೊಸೆ ಹೋದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಾರ್ಯದರ್ಶಿ ಕುರ್ಚಿ ಎಳೆದು ಕೂರಿಸಿ, ಕೊನೆಯವರೆಗೆ ಕೇಳಿ, ಗೋಂದಮ್ಮನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆನೇನೋ ಎಂದರು. ಅಷ್ಟರಲ್ಲಿ ದೂರದ ಒಂದು ಕಾರ್ಖಾನೆಗೆ ಫೈಬರ್ ಬೊಂಬೆಗಳ ಆರ್ಡರ್ ಹೋಗಿಯಾಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ.

ಭವನದಲ್ಲಿ ಈಗ ಫೈಬರ್ ಬೊಂಬೆಗಳು ನಿಂತಿವೆ. ಜನ ವರ್ಷವಿಡೀ ಬರುತ್ತಾರೆ, ಊರು ಬೆಳೆಯುತ್ತಿದೆ, ಮಗನ ವ್ಯಾನಿನ ಸಾಲ ತೀರಿದೆ. ಸೊಸೆ ಆ ಭವನದ ಬಾಗಿಲಲ್ಲಿ ಟಿಕೆಟ್ ಕೊಡುತ್ತಾಳೆ. ಜಗಲಿಯ ಚಿಕ್ಕ ಬೊಂಬೆಗಳಿಂದ ಬೀದಿಯ ಕೆಲವು ಮನೆಗಳು ನಡೆಯುತ್ತವೆ. ಉಳಿದ ಮನೆಗಳ ಹೆಂಗಸರು ಮತ್ತೆ ವಸತಿಗೃಹಗಳ ಹಾಸಿಗೆ ಬಟ್ಟೆ ಒಗೆಯುತ್ತಿದ್ದಾರೆ. ಮೆರವಣಿಗೆಗೆ ಮಾತ್ರ ಕಾಗದದ ಬೊಂಬೆಗಳೇ ಆಗಬೇಕು, ಫೈಬರಿನವನ್ನು ಹೊತ್ತು ಅಷ್ಟು ದೂರ ನಡೆಯಲಾಗದು. ಹಾಗಾಗಿ ವರ್ಷಕ್ಕೆ ಕೆಲವು ತಿಂಗಳು ಗೋಂದಮ್ಮನ ಒಲೆ ಉರಿಯುತ್ತದೆ. ಸಕ್ಕರೆಯ ಮಾತು ಚಹಾ ಅಂಗಡಿಯಲ್ಲಿ ಇನ್ನೂ ನಡೆದಿದೆ. ಮೊಮ್ಮಗಳು ಒಲೆಯ ಪಕ್ಕದಲ್ಲಿ ಕೂತು, ಆರಿದ ಸೌಟನ್ನು ನೆಕ್ಕುತ್ತಾಳೆ. ಬೇಡ ಎನ್ನುವವರು ಯಾರೂ ಇಲ್ಲ.