ನೆಲಕ್ಕೆ ಬಿಗಿದ ಕುರ್ಚಿಗಳು

ಮಳೆಗಾಲ ಮುಗಿದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ನಮ್ಮ ಮನೆಯ ಕ್ರಮ. ಈ ಸಲವೂ ನನ್ನ ಗಂಡ ಹಾಕಿದರು. ಮರುದಿನ ಬೆಳಗ್ಗೆ ಮುಖ ತೊಳೆಯಲೆಂದು ಬೊಗಸೆಯಲ್ಲಿ ನೀರು ಹಿಡಿದಾಗ ಆ ವಾಸನೆ ಮೂಗಿಗೆ ಹೊಡೆಯಿತು. ನಿಮಗಾದರೆ ಅದರಿಂದ ಆಸ್ಪತ್ರೆ ನೆನಪಾಗಬಹುದು, ಶಾಲೆಯ ಶೌಚಾಲಯ ನೆನಪಾಗಬಹುದು. ನನಗೆ ನೆನಪಾಗುವುದು ಕುರ್ಚಿ. ಕುರ್ಚಿ ನೆನಪಾದ ಕೂಡಲೇ ಸಿಟ್ಟು ನೆತ್ತಿಗೇರುತ್ತದೆ.

"ಬೆಳಗ್ಗೆ ಬೆಳಗ್ಗೆ ಯಾರ ಮೇಲೆ?" ಎಂದು ಗಂಡ ಕೇಳಿದರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಮುಖ ನೋಡಿ ಹವಾಮಾನ ಹೇಳುವುದನ್ನು ಅವರು ಕಲಿತಿದ್ದಾರೆ.

"ನಿಮ್ಮ ಮೇಲೆ ಅಲ್ಲ" ಎಂದೆ. ಅಷ್ಟು ಸಾಕಾಯಿತು, ನೆಮ್ಮದಿಯಿಂದ ಪೇಪರ್ ಓದಲು ಹೋದರು.

ಬಾವಿಯ ನೀರಿಗೂ ಕುರ್ಚಿಗೂ ಏನು ಸಂಬಂಧ ಎಂದು ನೀವು ಕೇಳುವ ಮೊದಲು ವಾರಿಜ ದೊಡ್ಡಮ್ಮನ ವಿಷಯ ಹೇಳಬೇಕು. ಅವರು ನನ್ನ ಅಮ್ಮನ ಅಕ್ಕ. ವೇಣೂರಿನಲ್ಲಿ ಮನೆ. ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತರಾದವರು. ಕಾಲೇಜಿನ ದಿನಗಳಲ್ಲಿ ಗುಂಡು ಎಸೆತದಲ್ಲಿ ಅವರನ್ನು ಮೀರಿಸುವ ಹುಡುಗಿ ನಮ್ಮ ಕಡೆ ಇರಲಿಲ್ಲವಂತೆ. ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೆದಕಿದರೆ "ಪುರುಸೊತ್ತಾಗಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಮೊದಲಿನಿಂದಲೂ ದೊಡ್ಡ ಶರೀರ. ವಯಸ್ಸಾದ ಮೇಲೆ ಮಂಡಿ ಕೈಕೊಟ್ಟು, ಓಡಾಟ ಕಡಿಮೆಯಾಗಿ, ಇನ್ನಷ್ಟು ದಪ್ಪವಾದರು. ಆದರೆ ಆ ಶರೀರವನ್ನು ಅವರು ಎಂದೂ ಮುದುಡಿಸಿಕೊಂಡು ನಡೆದವರಲ್ಲ. ಬಸ್ಸು ಹತ್ತಿದರೆ ಕಂಡಕ್ಟರ್‌ನೇ "ಟೀಚರ್ ಬಂದ್ರು, ಸ್ವಲ್ಪ ಆಚೆ ಹೋಗಿ" ಎನ್ನುತ್ತಿದ್ದ. ಅವರು ಮಹಾರಾಣಿಯ ಹಾಗೆ ಕುಳಿತುಕೊಳ್ಳುತ್ತಿದ್ದರು. ಬೇಸಗೆಯಲ್ಲಿ ಫಲ್ಗುಣಿ ನದಿಗೆ ನಮ್ಮನ್ನು ಕರೆದುಕೊಂಡು ಹೋಗಿ ಈಜು ಕಲಿಸಿದ್ದು ಅವರೇ. ನೀರಿಗಿಳಿದರೆ ಅವರಿಗೆ ಭಾರವೇ ಇರುತ್ತಿರಲಿಲ್ಲ. ಮೆಲ್ಲಗೆ ಅಂಗಾತ ಮಲಗಿ ತೇಲುತ್ತಾ, ದಡದಲ್ಲಿ ಹೆದರಿ ನಿಂತ ನನಗೆ "ನೀರು ಯಾರನ್ನೂ ತೂಕ ಹಾಕುವುದಿಲ್ಲ ಮಾರಾಯ್ತಿ, ಇಳಿ" ಎನ್ನುತ್ತಿದ್ದರು.

ಹಾಗಾಗಿ, ಮಗಳು ಅನ್ವಿತಾ ಹೈಸ್ಕೂಲಿನಲ್ಲಿದ್ದಾಗ ಘಟ್ಟದ ಮೇಲಿನ ಒಂದು ಥೀಮ್ ಪಾರ್ಕಿಗೆ ಹೋಗಲೇಬೇಕೆಂದು ಹಟ ಹಿಡಿದಾಗ, ಮೊದಲು ಹೊರಟು ನಿಂತವರು ದೊಡ್ಡಮ್ಮ.

"ಅಲ್ಲಿ ನೀರು ಉಂಟಲ್ಲ? ಹಾಗಾದರೆ ನಾನೂ ಬರ್ತೇನೆ. ಹೋಗುವ."

ಪಾರ್ಕಿನ ಹೆಸರು ಬೇಡ. ಹೆಸರು ಹೇಳಿ ಅದಕ್ಕೆ ಪ್ರಚಾರ ಕೊಡುವಷ್ಟು ಒಳ್ಳೆಯ ಮನಸ್ಸು ನನ್ನದಲ್ಲ. ಬೆಳಗ್ಗೆಯಿಡೀ ದೊಡ್ಡಮ್ಮ ನೀರಿನಲ್ಲಿದ್ದರು. ಪಾರ್ಕಿನವರು ಬಾಡಿಗೆಗೆ ಕೊಟ್ಟ ಕಪ್ಪು ಟೀ ಶರ್ಟು, ಚಡ್ಡಿ ಹಾಕಿಕೊಂಡು, ಜಾರುಬಂಡೆಯಿಂದ ದೊಡ್ಡ ರಬ್ಬರ್ ಟ್ಯೂಬಿನಲ್ಲಿ ಕುಳಿತು ಇಳಿದರು. ಕೆಳಗೆ ಬಿದ್ದಾಗ ಎದ್ದ ನೀರಿಗೆ ಸುತ್ತಲಿನ ಮಕ್ಕಳು ಕೇಕೆ ಹಾಕಿದವು. "ಇನ್ನೊಂದು ಸಲ!" ಎಂದು ಅವರೂ ಕೇಕೆ ಹಾಕಿದರು. ಅಲೆಯ ಕೊಳದಲ್ಲಿ ಅನ್ವಿತಾಳ ಕೈ ಹಿಡಿದು, ಅಲೆ ಬರುವಾಗ ಸರಿಯಾಗಿ ಹೇಗೆ ನೆಗೆಯಬೇಕೆಂದು ಕಲಿಸಿದರು. ಅವರ ಕೂದಲಲ್ಲಿ, ನಮ್ಮೆಲ್ಲರ ಮೈಯಲ್ಲಿ ಇದೇ ಬ್ಲೀಚಿಂಗ್ ಪೌಡರಿನ ವಾಸನೆ. ಅಲ್ಲಿಯವರೆಗೆ ಅದು ನನಗೆ ಸಂತೋಷದ ವಾಸನೆಯೇ ಆಗಿತ್ತು.

ಮಧ್ಯಾಹ್ನ ಊಟಕ್ಕೆ ಹೋದೆವು. ಊಟದ ಹಾಲ್ ದೊಡ್ಡದೇ. ಆದರೆ ಅದರೊಳಗೆ ಎಷ್ಟು ಮೇಜು ತುರುಕಬಹುದೋ ಅಷ್ಟನ್ನೂ ತುರುಕಿದ್ದರು. ಒಂದೊಂದು ಮೇಜಿಗೂ ಸುತ್ತ ಪ್ಲಾಸ್ಟಿಕ್ಕಿನ ಕುರ್ಚಿಗಳು. ಕುರ್ಚಿಯಿಂದ ಮೇಜಿಗೆ ಕಬ್ಬಿಣದ ತೋಳು. ಎಲ್ಲವನ್ನೂ ಸೇರಿಸಿ ನೆಲಕ್ಕೆ ಬೋಲ್ಟು. ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಅನ್ವಿತಾ ಮೀನಿನ ಹಾಗೆ ನುಸುಳಿ ಕುಳಿತಳು. ನಾನು ಉಸಿರು ಒಳಗೆಳೆದುಕೊಂಡು ಕುಳಿತೆ, ಹೊರಬಿಟ್ಟಾಗ ಮೇಜಿನ ಅಂಚು ಹೊಟ್ಟೆಗೆ ಒತ್ತಿತು. ಒಂದು ತಟ್ಟೆ ಅನ್ನಕ್ಕೆ ಇಷ್ಟು ಯೋಗಾಸನವೇ ಎಂದು ನಗಾಡಿದೆ. ಆಗ ದೊಡ್ಡಮ್ಮ ತಟ್ಟೆ ಹಿಡಿದುಕೊಂಡು ಬಂದರು.

ಮೊದಲು ನೇರವಾಗಿ ಕೂರಲು ನೋಡಿದರು, ಆಗಲಿಲ್ಲ. ಓರೆಯಾಗಿ ಪ್ರಯತ್ನಿಸಿದರು. ಅರ್ಧ ಒಳಗೆ ಹೋದರು. ಕಬ್ಬಿಣದ ತೋಳು ತೊಡೆಗೆ ಸಿಕ್ಕಿಹಾಕಿಕೊಂಡಿತು. ಕೂರಲೂ ಆಗದೆ, ಏಳಲೂ ಆಗದೆ, ಒಂದು ಕೈಯಲ್ಲಿ ಸಾರು ತುಳುಕುವ ತಟ್ಟೆ ಹಿಡಿದು, ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲಿಟ್ಟು ಅವರು ಹಾಗೇ ನಿಂತರು. ಹಿಂದೆ ತಟ್ಟೆ ಹಿಡಿದ ಜನ ಜಾಗಕ್ಕಾಗಿ ಕಾಯುತ್ತಿದ್ದರು. ಪಕ್ಕದ ಮೇಜಿನಿಂದ ಯಾರೋ ಕಿಸಕ್ಕೆಂದರು.

ಟೈ ಕಟ್ಟಿದ ಸೂಪರ್‌ವೈಸರ್ ಒಬ್ಬ ಬಂದ. ಸಹಾಯಕ್ಕೆ ಎಂದುಕೊಂಡೆ.

"ಮೇಡಂ, ಆಂಟಿನ ಹೊರಗಡೆ ಕಟ್ಟೆ ಮೇಲೆ ಕೂರ್ಸಿ. ಇಲ್ಲಿ ದಾರಿ ಬ್ಲಾಕ್ ಆಗ್ತಾ ಇದೆ."

"ಒಂದು ಬೇರೆ ಕುರ್ಚಿ ಕೊಡಿ" ಎಂದೆ.

"ಬೇರೆ ಚೇರ್ ಇಲ್ಲ ಮೇಡಂ. ಎಲ್ಲಾ ಫಿಕ್ಸ್ ಮಾಡಿರೋದು. ನಾರ್ಮಲ್ ಜನಕ್ಕೆ ಕರೆಕ್ಟಾಗಿ ಸಾಕಾಗತ್ತೆ."

ನಾರ್ಮಲ್! ಬೆಳಗ್ಗೆ ಗೇಟಿನಲ್ಲಿ ಟಿಕೆಟ್ ಹರಿಯುವಾಗ ಯಾರೂ ಅವರನ್ನು ನೀವು ನಾರ್ಮಲ್ ಹೌದೋ ಅಲ್ಲವೋ ಎಂದು ಕೇಳಿರಲಿಲ್ಲ. ಜಾರುಬಂಡೆಗೆ ದೊಡ್ಡ ಟ್ಯೂಬು ತಂದುಕೊಡಲು ಬರುವವರಿಗೆ, ಊಟಕ್ಕೆ ಒಂದು ಬಿಡಿ ಕುರ್ಚಿ ಇಡಲು ಬರುವುದಿಲ್ಲವೇ? ಈ ಮಾತುಗಳನ್ನೆಲ್ಲ ನಾನು ಅಲ್ಲಿ ಹೇಳಿದೆ ಎಂದುಕೊಳ್ಳಬೇಡಿ. ಇಷ್ಟು ಅಚ್ಚುಕಟ್ಟಾದ ಮಾತು ನನಗೆ ಹೊಳೆದದ್ದು ಮರಳುವ ದಾರಿಯಲ್ಲಿ, ಹಾಸನ ದಾಟಿದ ಮೇಲೆ. ಅಲ್ಲಿ ನನ್ನ ಬಾಯಿಂದ ಬಂದದ್ದು ಬರೀ ತುಳು. ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಪಾಠ ಮಾಡುವವಳು ನಾನು. ಸಿಟ್ಟು ಬಂದರೆ ಮಾತ್ರ ಕನ್ನಡ ನನ್ನನ್ನು ನಡುನೀರಿನಲ್ಲಿ ಬಿಟ್ಟುಬಿಡುತ್ತದೆ. ಅವನ ಏಳು ತಲೆಮಾರಿನವರನ್ನೆಲ್ಲ ಸೇರಿಸಿ ಬಯ್ದೆ. ಅವನಿಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರದೋ ಮೊಬೈಲ್ ಮೇಲೆದ್ದಿತು.

ದೊಡ್ಡಮ್ಮ ಹೇಗೋ ತೊಡೆ ಬಿಡಿಸಿಕೊಂಡು, ತಟ್ಟೆ ಚೆಲ್ಲದಂತೆ ಹಿಡಿದು ಹೊರಗೆ ನಡೆದರು. ಕಟ್ಟೆ ಇದ್ದದ್ದು ಕಸದ ಡ್ರಮ್ಮುಗಳ ಪಕ್ಕದಲ್ಲಿ. ಅಲ್ಲಿ ಕುಳಿತು ಒದ್ದೆ ಕೂದಲಲ್ಲೇ ಉಂಡರು. ನಾನೂ ಮಗಳೂ ಹೋಗಿ ಪಕ್ಕದಲ್ಲಿ ಕುಳಿತೆವು. "ಸಾರಿಗೆ ಉಪ್ಪು ಕಡಿಮೆ" ಎಂದರು, ಅಷ್ಟೆ. ಮಧ್ಯಾಹ್ನದ ಮೇಲೆ ಅವರು ನೀರಿಗೆ ಇಳಿಯಲಿಲ್ಲ. ಕಾಲುನೋವು ಎಂದು ಹೇಳಿ, ಸೀರೆ ಉಟ್ಟುಕೊಂಡು, ಸಂಜೆಯವರೆಗೆ ಒಂದು ಮರದ ಬುಡದಲ್ಲಿ ಕುಳಿತಿದ್ದರು. ಅನ್ವಿತಾ ಮತ್ತೆ ಮತ್ತೆ ಬಂದು "ಬನ್ನಿ ಅಜ್ಜಿ" ಎಂದು ಕೈ ಎಳೆದಳು. ಅವರು ನಕ್ಕು ಕೈ ಬಿಡಿಸಿಕೊಂಡರು.

ಈ ನೆಲಕ್ಕೆ ಬಿಗಿದ ಕುರ್ಚಿಗಳ ಬಗ್ಗೆ ಆಮೇಲೆ ನಾನು ಬಹಳ ಯೋಚಿಸಿದ್ದೇನೆ. ನಮ್ಮ ಹಳೆಯ ಹೋಟೆಲುಗಳಲ್ಲಿ ಉದ್ದ ಬೆಂಚು ಇರುತ್ತಿತ್ತು. ದಪ್ಪದವರು ಬಂದರೆ ಸಪೂರದವರು ಒಂದಿಷ್ಟು ಸರಿಯುತ್ತಿದ್ದರು, ಮಾತು ಮುಗಿಯಿತು. ದೇವಸ್ಥಾನದ ಊಟಕ್ಕೆ ಕುಳಿತರೆ ನೆಲವೇ ಪೀಠ; ನೆಲ ಯಾರಿಗೆ ಸಾಲದೆ ಹೋಗಿದೆ? ಬೆಂಚಿನಲ್ಲಿ ಸರಿಯಲು ಮನುಷ್ಯ ಬೇಕು, ಮನಸ್ಸು ಬೇಕು. ಬೋಲ್ಟು ಹಾಕಿದ ಕುರ್ಚಿಗೆ ಎರಡೂ ಬೇಡ. ಕಂಪ್ಯೂಟರಿನ ಮುಂದೆ ಕುಳಿತು ಯಾರೋ ಒಬ್ಬ, ಜಗತ್ತಿನಲ್ಲಿ ಬಸುರಿಯರಿಲ್ಲ, ಮಂಡಿ ಬಗ್ಗದ ಮುದುಕರಿಲ್ಲ, ನನ್ನ ದೊಡ್ಡಮ್ಮ ಇಲ್ಲ ಎಂದು ತೀರ್ಮಾನಿಸಿ ಗೆರೆ ಎಳೆಯುತ್ತಾನೆ. ಆ ಗೆರೆ ಬಂದು ಇವರ ತೊಡೆಯ ಮೇಲೆ ನೀಲಿಯಾಗಿ ಮೂಡುತ್ತದೆ. ಪಾರ್ಕಿನವರಿಗೆ ನಾನು ಮೇಲ್ ಬರೆದೆ. ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ, ಮತ್ತೊಮ್ಮೆ ಕುಟುಂಬ ಸಮೇತ ಬನ್ನಿ ಎಂದು ಉತ್ತರ ಬಂತು. ಆ ಉತ್ತರ ಓದಿ ನಾನು ಫೋನನ್ನು ಸೋಫಾದ ಮೇಲೆ ಎಸೆದೆ. ನೆಲಕ್ಕೆ ಎಸೆಯುವಷ್ಟು ಸಿಟ್ಟು ಇತ್ತು, ಆದರೆ ಫೋನು ಹೊಸದು.

ಆ ಪ್ರವಾಸದ ನಂತರ ದೊಡ್ಡಮ್ಮ ಹೊರಗೆ ಉಣ್ಣುವುದನ್ನೇ ಬಿಟ್ಟರು. ಅದು ನಮಗೆ ಕೂಡಲೇ ಗೊತ್ತಾಗಲಿಲ್ಲ. ಮದುವೆಗೆ ಬರುತ್ತಿದ್ದರು, ಅಕ್ಷತೆ ಹಾಕುತ್ತಿದ್ದರು. ಊಟದ ಹೊತ್ತಿಗೆ ಇರುತ್ತಿರಲಿಲ್ಲ. ಕೇಳಿದರೆ ಇವತ್ತು ಉಪವಾಸ, ಇವತ್ತು ಬಸ್ಸು ತಪ್ಪುತ್ತದೆ. ಪೊಳಲಿಯಲ್ಲಿ ಸಂಬಂಧಿಕರ ಮದುವೆಯಾದ ದಿನ, ಹಾಲ್‌ನ ಕೈಯಿರುವ ಪ್ಲಾಸ್ಟಿಕ್ ಕುರ್ಚಿಗಳ ಸಾಲನ್ನು ಅವರು ಬಾಗಿಲಲ್ಲೇ ನಿಂತು ಅಳೆಯುವುದನ್ನು ಕಂಡೆ. ಕಾರ್ಯಕ್ರಮ ಮುಗಿಯುವವರೆಗೂ ಅವರು ಕಂಬಕ್ಕೆ ಒರಗಿ ನಿಂತೇ ಇದ್ದರು, ಆ ಮಂಡಿಯನ್ನು ಇಟ್ಟುಕೊಂಡು.

ಮುಂದಿನ ಭಾನುವಾರವೇ ವೇಣೂರಿಗೆ ಹೋದೆ. ಜಗಲಿಯಲ್ಲಿ ಕುಳಿತು ಹಲಸಿನ ಬೀಜ ಸುಲಿಯುತ್ತಿದ್ದರು. ನಾನು ಮತ್ತೆ ಆ ಸೂಪರ್‌ವೈಸರನನ್ನು ಬಯ್ಯತೊಡಗಿದೆ. ಅವರು ಸ್ವಲ್ಪ ಹೊತ್ತು ಕೇಳಿ ಕೈ ಎತ್ತಿದರು.

"ಸಾಕು. ಅವತ್ತು ನನಗೂ ಸಿಟ್ಟು ಬಂದಿತ್ತು, ಗೊತ್ತುಂಟಾ ನಿನಗೆ?"

"ನೀವು ಎಂತದೂ ಹೇಳಲಿಲ್ಲವಲ್ಲ ದೊಡ್ಡಮ್ಮ?"

"ಎಲ್ಲಿ ಹೇಳುವುದು? ನಾನು ಬಾಯಿ ತೆರೆಯುವ ಮೊದಲೇ ನೀನು ಶುರು ಮಾಡಿದಿ. ಇದ್ದ ಸಿಟ್ಟನ್ನೆಲ್ಲ ನೀನೇ ಖರ್ಚು ಮಾಡಿದಿ. ಮತ್ತೆ ನನಗೆ ಉಳಿದದ್ದು ಎಂತ? ನಾಚಿಕೆ ಮಾತ್ರ."

ನಾನೂ ಒಂದು ಹಿಡಿ ಬೀಜ ಎಳೆದುಕೊಂಡು ಸುಲಿಯತೊಡಗಿದೆ. ಬಂಟ್ವಾಳದ ನಮ್ಮ ಮನೆಗೆ ಮರಳುವ ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿತ್ತು.

ಈಗ ಅನ್ವಿತಾ ಉಜಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ. ಕಳೆದ ತಿಂಗಳು ಅವಳ ಹುಟ್ಟುಹಬ್ಬ. ಮೂಡುಬಿದಿರೆಯಲ್ಲಿ ನಾನು ಪಾಠ ಮಾಡುವ ಶಾಲೆಯ ದಾರಿಯಲ್ಲೇ ಒಂದು ಹೊಸ ಹೋಟೆಲ್ ಆಗಿದೆ. ಅಲ್ಲೇ ಊಟ ಆಗಬೇಕು, ಅಜ್ಜಿಯೂ ಬರಬೇಕು ಎಂದಳು. ಅಜ್ಜಿ ಉಪವಾಸ ಎಂದರು. "ಹಾಗಾದರೆ ನಾನೂ ಉಪವಾಸ" ಎಂದಳು ಮಗಳು. ಅಜ್ಜಿ ಬಂದರು.

ಬಾಗಿಲು ದೂಡಿದವಳು ನಾನು. ಒಳಗೆ ನೋಡಿ ಹೊಸ್ತಿಲಲ್ಲೇ ನಿಂತೆ. ಸೋಫಾದಂತಹ ಸೀಟುಗಳು, ನಡುವೆ ಮೇಜು, ಎಲ್ಲವೂ ನೆಲಕ್ಕೆ ಬಿಗಿದದ್ದು. ದೊಡ್ಡಮ್ಮ ನನ್ನ ಹಿಂದೆಯೇ ಇದ್ದರು. ಮಾಲೀಕ ನಮ್ಮೂರ ಕಡೆಯವನೇ, ನಗುತ್ತಾ ಬಂದ. ಒಮ್ಮೆ ಸೀಟು ನೋಡಿದ, ಒಮ್ಮೆ ದೊಡ್ಡಮ್ಮನನ್ನು ನೋಡಿದ.

"ಅಮ್ಮನಿಗೆ ಇಲ್ಲಿ ಕಷ್ಟ ಆಗ್ತದೆ. ಹೊರಗೆ ವರಾಂಡದಲ್ಲಿ ಬೆಂಚು ಉಂಟು, ಅಲ್ಲಿಗೆ ಬಡಿಸುವ, ಆಗದಾ?"

ಅದೇ ಮಾತು, ಈ ಸಲ ನಮ್ಮದೇ ಕನ್ನಡದಲ್ಲಿ, ನಯವಾಗಿ. ನನ್ನ ನಾಲಿಗೆಯ ತುದಿಗೆ ತುಳು ಬಂದು ನಿಂತಿತು. ನಾನು ಬಾಯಿ ಬಿಗಿಹಿಡಿದೆ. ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ. ಕಿವಿ ಬಿಸಿಯಾಗಿ, ಕಣ್ಣಲ್ಲಿ ನೀರು ಬಂತು. ಅನ್ವಿತಾ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ದೊಡ್ಡಮ್ಮ ಇನ್ನೇನು ಬಾಗಿಲ ಕಡೆ ತಿರುಗುತ್ತಾರೆ ಎಂದುಕೊಂಡೆ. ಅವರು ಕೈಚೀಲವನ್ನು ಆ ಮೇಜಿನ ಮೇಲೆ ಇಟ್ಟರು.

"ನಾನು ಹೊರಗೆ ಹೋಗುವುದಿಲ್ಲ. ನಿನ್ನ ಮೇಜು ಹೊರಗೆ ಹೋಗಲಿ."

ಮೈದಾನದ ಆ ತುದಿಯಲ್ಲಿರುವ ಹುಡುಗಿಗೆ ಕೇಳಿಸಬೇಕಾದ ಸ್ವರ ಅದು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಅಮ್ಮ, ಅದು ಬೋಲ್ಟು ಹಾಕಿದ್ದು..."

"ಹಾಕಿದ್ದು ನೀನೇ ಅಲ್ಲವಾ? ಬಿಚ್ಚು. ನಾನು ಊಟಕ್ಕೆ ಬಂದದ್ದು. ದುಡ್ಡು ಕೊಟ್ಟು ಉಣ್ಣುವವಳನ್ನು ಬಾಗಿಲ ಹೊರಗೆ ಕೂರಿಸಲಿಕ್ಕೆ ನಿನಗೆ ನಾಚಿಕೆ ಆಗುವುದಿಲ್ಲವಾ? ಇಷ್ಟು ವರ್ಷ ನಾನು ನಾಚಿಕೆಪಟ್ಟದ್ದು ಸಾಕು. ಇನ್ನು ನೀನು ಪಡು."

ಮೂಲೆಯಲ್ಲಿ, ಸೀಟಿನ ತುದಿಯಲ್ಲಿ ಅಡ್ಡಲಾಗಿ ಕುಳಿತು ಉಣ್ಣುತ್ತಿದ್ದ ತುಂಬು ಬಸುರಿಯೊಬ್ಬಳು ತಟ್ಟೆ ಸರಿಸಿದಳು. "ನನಗೂ ಇಲ್ಲಿ ಕೂರ್ಲಿಕ್ಕೆ ಆಗ್ತಾ ಇಲ್ಲ" ಎಂದಳು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ. ಮಾಲೀಕ ಅವಳನ್ನು ನೋಡಿದ, ನಮ್ಮನ್ನು ನೋಡಿದ, ಕಡೆಗೆ ಒಳಗೆ ಹೋಗಿ ಸ್ಪ್ಯಾನರ್ ಹಿಡಿದುಕೊಂಡು ಬಂದ. ಹೊಸ ಅಂಗಿ ಹಾಕಿಕೊಂಡಿದ್ದವ ಮೊಣಕಾಲೂರಿ ಮೇಜಿನ ಕೆಳಗೆ ತೂರಿದ. ಬೋಲ್ಟುಗಳು ಕಿರುಗುಟ್ಟಿ ಒಂದೊಂದಾಗಿ ಬಿಟ್ಟವು. ಮೇಜು ಹಿಂದಕ್ಕೆ ಸರಿಯಿತು. ದೊಡ್ಡಮ್ಮ ಕುಳಿತರು, ಪೂರ್ತಿಯಾಗಿ, ಬೆನ್ನು ಒರಗಿಸಿ. ಬಸುರಿ ಹುಡುಗಿಯನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ನೀರ್ ದೋಸೆ ತರಿಸಿದರು, ಕೋಳಿ ಸುಕ್ಕ ತರಿಸಿದರು, ಮತ್ತೊಮ್ಮೆ ತರಿಸಿದರು. ಕೈ ತೊಳೆದು ಬಂದು, ಕೌಂಟರಿನ ಮುಂದೆ ನಿಂತು, ಉಳಿದ ಮೇಜುಗಳನ್ನು ಯಾವಾಗ ಬಿಚ್ಚುತ್ತಿ ಎಂದು ಕೇಳಿದರು. "ಈ ವಾರದಲ್ಲೇ ಅಮ್ಮ" ಎಂದು ಅವನು ಎರಡೂ ಕೈ ಜೋಡಿಸಿದ.

ನಿನ್ನೆ ಸಂಜೆ ಶಾಲೆ ಬಿಟ್ಟು ಬಸ್ಸಿಗೆ ನಡೆಯುವಾಗ ಗಾಜಿನಿಂದ ಒಳಗೆ ಇಣುಕಿದೆ. ಅವತ್ತು ಬಿಚ್ಚಿದ ಮೇಜೊಂದನ್ನು ಬಿಟ್ಟರೆ ಉಳಿದವೆಲ್ಲ ನೆಲ ಕಚ್ಚಿಕೊಂಡೇ ಇವೆ. ಒಬ್ಬ ಮುದುಕರು ಊರುಗೋಲನ್ನು ಎಲ್ಲಿಡುವುದೆಂದು ತಿಳಿಯದೆ ಸೀಟಿನ ಪಕ್ಕ ನಿಂತಿದ್ದರು. ಸಿಟ್ಟು ಕಾಲಿನಿಂದ ಏರಿತು. ಬಾಗಿಲ ಹಿಡಿಗೆ ಕೈ ಹಾಕಿದವಳು, ಹಾಗೇ ನಿಂತು, ವೇಣೂರಿಗೆ ಫೋನ್ ಮಾಡಿದೆ. ಕಂಡದ್ದನ್ನು ಕಂಡ ಹಾಗೆ ಹೇಳಿದೆ.

ಆ ಕಡೆಯಿಂದ ಕುರ್ಚಿ ಸರಿದ ಸದ್ದು, ಬೀಗದ ಕೈ ತೆಗೆದ ಸದ್ದು ಕೇಳಿಸಿತು.

"ಈಗ ಒಂದು ಬಸ್ಸು ಉಂಟು, ಬರ್ತೇನೆ" ಎಂದರು ದೊಡ್ಡಮ್ಮ. "ನಾನು ಬರುವವರೆಗೆ ನೀನು ಶುರು ಮಾಡಬೇಡ."