ಮಲೆಯ ಮೇಲೆ ಸೋತ ಟ್ರಾಕ್ಟರ್

ಮಾವನವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹಳೆಯ ಟ್ರಾಕ್ಟರನ್ನು ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡುವಾಗ ಅದು ಹಿಂದಕ್ಕೆ ಹೊಡೆದು ಕಿತ್ತು ಹಾಕಿತ್ತು. "ಪಾಪ, ವಂಡೀದೇನೂ ತಪ್ಪಿಲ್ಲ. ನಾನು ಹಿಡಿದದ್ದೇ ಸರಿಯಿಲ್ಲ" ಅನ್ನುತ್ತಿದ್ದರು; ಟ್ರಾಕ್ಟರನ್ನು ಅವರು ಕರೆಯುತ್ತಿದ್ದುದು ವಂಡಿ ಎಂದೇ. ಯಂತ್ರದ ಮೇಲೆ ಅಷ್ಟು ಕರುಣೆ! ಹೆತ್ತ ಮಗನ ಮೇಲೆ, ಅಂದರೆ ನನ್ನ ಗಂಡನ ಮೇಲೆ, ಅದರಲ್ಲಿ ಕಾಲುಭಾಗ ಇದ್ದಿದ್ದರೆ ಸಾಕಿತ್ತು.

ಊಟಿ ಮಲೆಯ ಬುಡದಲ್ಲಿ, ಮೆಟ್ಟುಪಾಳ್ಯಂ ಹತ್ತಿರದ ನಮ್ಮೂರಲ್ಲಿ ಅದೊಂದೇ ಟ್ರಾಕ್ಟರ್. ಅದನ್ನು ಎತ್ತಿನಂತೆ ಸಾಕಿದ್ದರು. ಎಂಬತ್ತರ ದಶಕದ ಮೊದಲಲ್ಲಿ ಊಟಿಯ ಆಚೆ ಗುತ್ತಿಗೆಗೆ ಹಿಡಿದ ಆಲೂಗಡ್ಡೆ ಹೊಲ ಉಳಲು ಅದರ ಜೊತೆ ಇವರನ್ನು ಕಳಿಸಿದರು. ಮೇಲೆ ಹೋದದ್ದೇ ತಡ, ಅದು ಕರಿಹೊಗೆ ಉಗುಳಿ ನಿಂತುಬಿಡುತ್ತಿತ್ತು. ಅಲ್ಲಿನ ಮೆಕ್ಯಾನಿಕ್ ಅಂದದ್ದನ್ನು ಇವರು ಬಂದು ಹೇಳಿದರು: "ಅಪ್ಪಾ, ಮಲೆ ಮೇಲೆ ಗಾಳಿ ತೆಳು. ಡೀಸೆಲ್ ಪೂರಾ ಉರಿಯಲ್ಲ. ಪಂಪಲ್ಲಿ ಡೀಸೆಲ್ ಕಮ್ಮಿ ಮಾಡ್ಬೇಕಂತೆ. ಆದ್ರೂ ಕೆಳಗಿನಷ್ಟು ಬಲ ಬರಲ್ವಂತೆ."

"ದುಡಿಯೋ ಜೀವಕ್ಕೆ ಹೊಟ್ಟೆ ಕಟ್ತೀಯೇನ್ಡಾ?" ಎಂದು ಗದರಿದ ಮಾವ ಲಾರಿಯಲ್ಲಿ ಅದನ್ನು ಕೆಳಗೆ ತರಿಸಿದರು. ತೆಂಗಿನಕಾಯಿ ತುಂಬಿದ ಟ್ರೈಲರ್ ಕಟ್ಟಿ ಊರವರ ಮುಂದೆ ಓಡಿಸಿದರು. ಕೆಳಗೆ ಓಡದೆ ಏನು? "ನೋಡ್ರಪ್ಪಾ, ವಂಡಿಗೇನೂ ಆಗಿಲ್ಲ. ಓಡ್ಸಿದ ಕೈ ಸರಿಯಿಲ್ಲ!" ಎಲ್ಲರೂ ನಕ್ಕರು. ಆ ನಗು ಇವರ ಬೆನ್ನು ಬಿಡಲಿಲ್ಲ. ಬೇಸಾಯವೆಂದರೆ ಪ್ರಾಣ ಬಿಡುತ್ತಿದ್ದವರು ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರಿಕೊಂಡರು.

ಮರುವರ್ಷ ಮಾವ ತಾವೇ ಟ್ರಾಕ್ಟರನ್ನು ಮೇಲಕ್ಕೆ ಒಯ್ದರು. ಅಡುಗೆಗೆಂದು ನಾನೂ ಹೋದೆ. ಅದೇ ಹೊಲ, ಅದೇ ಕರಿಹೊಗೆ. ನೇಗಿಲು ಮಣ್ಣಲ್ಲಿರುವಾಗಲೇ ನಿಂತಿತು. ಮಾವ ಇಳಿದು ಬಹಳ ಹೊತ್ತು ಹೊಗೆಕೊಳವೆಯನ್ನೇ ನೋಡಿದರು.

"ಮಾಮ, ಅವ್ರು ಹೇಳಿದ್ದೇ ನಿಜ ಆಯ್ತಲ್ಲ. ಒಂದು ಮಾತು ಹೇಳಿ, ವಾಪಸ್ ಬಂದ್ಬಿಡ್ತಾರೆ" ಎಂದೆ.

"ಅಪ್ಪ ಹೋಗಿ ಮಗನ ಮುಂದೆ ತಪ್ಪಾಯ್ತು ಅಂತಾನೇನಮ್ಮ? ಸುಮ್ನಿರು."

ಊರಿಗೆ ಬಂದವರೇ ಟ್ರಾಕ್ಟರ್ ಮಾರಿಬಿಟ್ಟರು. ಜೀವದಂತಿದ್ದುದನ್ನು ಕಳೆದುಕೊಂಡಾರು, ಆ ಒಂದು ಮಾತು ಆಡಲಾರರು! "ವಂಡಿಗೆ ವಯಸ್ಸಾಯ್ತು" ಎಂದರು ಊರವರಿಗೆ. ಮಲೆಯ ಮೇಲೆ ನಡೆದದ್ದನ್ನು ಇವರಿಗೆ ನಾನೇ ಹೇಳಿದೆ. "ಅಪ್ಪ ಹೇಳ್ಲಿ" ಅಂದರು, ಅಷ್ಟೇ.

ಅಪ್ಪ ಹೇಳಲಿಲ್ಲ. ಆ ದಶಕ ಮುಗಿಯುವ ಮುಂಚೆ ಹೋಗಿಬಿಟ್ಟರು. ಇವರು ತಿರುಪ್ಪೂರಿನಿಂದ ಓಡಿಬಂದು, ತಲೆ ಬೋಳಿಸಿಕೊಂಡು, ಮಗನ ಕೆಲಸವೆಲ್ಲ ಮಾಡಿದರು. ಸ್ಮಶಾನದಿಂದ ಮನೆಗೆ ಬಂದಾಗ ನೆರೆಯ ಹಿರಿಯರೊಬ್ಬರು ಇವರ ಬೆನ್ನು ಸವರಿ, "ಟ್ರಾಕ್ಟರ್ ಓಡ್ಸೋಕೆ ಬರ್ದಿದ್ರೇನು, ಒಳ್ಳೇ ಮಗ" ಎಂದರು. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆದೆ. ಇವರು ಕೈ ಅಡ್ಡ ಮಾಡಿ, "ಬ್ಯಾಡ, ಸತ್ತೋರ ಮೇಲೆ ತಪ್ಪು ಹೇಳ್ಬಾರ್ದು" ಎಂದರು.

ಬದುಕಿರುವವರ ಮೇಲೆ ಹೇಳಬಹುದು, ಅಲ್ಲವೇ?